ಒಂದು ಪುಟದ ಮಹಾಪುರುಷ

"ರಾತ್ರಿಯೆಲ್ಲಾ ಏನೋ ಕುಟ್ತಿದ್ದೀಯಲ್ಲೋ?"

"ರೆಸ್ಯೂಮೆ ಮಾವ. ಕ್ಯಾಟ್ ಬರೆದಿದ್ನಲ್ಲ, ಬನ್ನೇರುಘಟ್ಟ ರಸ್ತೆ ಐಐಎಂನವರು ಇಂಟರ್‌ವ್ಯೂಗೆ ಕರೆದಿದ್ದಾರೆ."

"ಬನ್ನೇರುಘಟ್ಟಕ್ಕೆ ಬೆಕ್ಕಾ? ಅಲ್ಲಿ ಹುಲಿ, ಸಿಂಹ ಇವೆಯಲ್ಲೋ!"

"ಅದಕ್ಕೇ ಪಟ್ಟೆ ಬರ್ಕೊಳ್ತಿದೀನಿ."

"'ಬೃಹತ್ ಸಮಾರಂಭದ ಆಹಾರ ಪೂರೈಕೆ ನಿರ್ವಹಣೆ'. ಇದು ಯಾವಾಗಪ್ಪಾ?"

"ಅಕ್ಕನ ಮದುವೇಲಿ ಪಲ್ಯ ಬಡಿಸಿದ್ನಲ್ಲ."

"'ಸಂಘರ್ಷ ನಿವಾರಣೆಯಲ್ಲಿ ಪರಿಣತಿ'?"

"ಅಪ್ಪ ಅಮ್ಮ ಜಗಳಕ್ಕಿಳಿದ್ರೆ ಟೀವಿ ಸೌಂಡ್ ಜಾಸ್ತಿ ಮಾಡ್ತೀನಿ."

"'ಸಾರ್ವಜನಿಕ ನಿಧಿ ಸಂಗ್ರಹದಲ್ಲಿ ನಾಯಕತ್ವ'?"

"ಗಣೇಶನ ಚಂದಾ."

"ಅದರ ಲೆಕ್ಕ ಇನ್ನೂ ಕೊಟ್ಟಿಲ್ವಂತೆ?"

"ಒಂದೇ ಪುಟ ಇರ್ಬೇಕು ಮಾವ, ಲೆಕ್ಕ ಹಿಡಿಸಲ್ಲ."

"'ಗ್ರಾಮೀಣ ಬದುಕಿನ ಆಳವಾದ ಅಧ್ಯಯನ'?"

"ನಿಮ್ಮೂರ ಬಾವಿಗೆ ಬಿದ್ದಿದ್ನಲ್ಲ!"

"ಹಗ್ಗ ಇಳಿಬಿಟ್ಟು ಮೇಲೆತ್ತಿದ್ದು ನಾನು ಕಣೋ. ನನ್ನ ಹೆಸರೆಲ್ಲಿ?"

"ಇದೆಯಲ್ಲ, ಕೊನೇ ಸಾಲು: 'ಸ್ಥಳೀಯ ಸಂಪನ್ಮೂಲಗಳ ಸಮರ್ಥ ಬಳಕೆ'."