ಒಂದು ಸೊನ್ನೆಗಾಗಿ ತುಮಕೂರು

ಕೆಲಸ ಮುಗಿದಿತ್ತು. ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿ ಮಲಗುವ ಬುದ್ಧಿ ನಮ್ಮ ವಂಶದಲ್ಲೇ ಇಲ್ಲ. ಕಂಪನಿಯ ತುಮಕೂರು ಶಾಖೆಯ ಸ್ವಿಚ್‌ನಲ್ಲಿ, ದಾರಿಗಳನ್ನು ತಾನೇ ಹುಡುಕಿಕೊಳ್ಳುವ ಓಎಸ್‌ಪಿಎಫ್ ಓಡತೊಡಗಿತ್ತು. ಬೆಂಗಳೂರಿನ ನನ್ನ ಊಟದ ಮೇಜಿನಿಂದ ಇಣುಕಿದರೆ ನೆರೆಯ ಸ್ವಿಚ್‌ಗಳ ಹೆಸರಿನ ಮುಂದೆ ‘ಫುಲ್’ ಎಂದು ಕಾಣುತ್ತಿತ್ತು. ಕೈಯಾರೆ ಬರೆದಿದ್ದ ಹಳೆಯ ಸ್ಟ್ಯಾಟಿಕ್ ರೂಟುಗಳನ್ನು, ಇನ್ನು ನಿಮ್ಮ ಋಣ ತೀರಿತು ಎಂದು ಅಳಿಸಿಯೂ ಆಗಿತ್ತು.

ಫೋನಿನಲ್ಲಿ ಜೂನಿಯರ್ ಹುಡುಗನಿದ್ದ. ಕೇಳುವ ಕಿವಿ ಸಿಕ್ಕರೆ ನನ್ನ ನಾಲಿಗೆ ನಿಲ್ಲದು. ಡೈಕ್‌ಸ್ಟ್ರಾ ಎಂಬ ಡಚ್ ಮಹಾಶಯ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಭಾವಿ ಪತ್ನಿಯ ಜೊತೆ ಕಾಫಿಗೆ ಕೂತಾಗ, ಕಾಗದ ಪೆನ್ಸಿಲ್ ಮುಟ್ಟದೆ, 20 ನಿಮಿಷದಲ್ಲಿ ಹತ್ತಿರದ ದಾರಿ ಹುಡುಕುವ ಲೆಕ್ಕ ಕಟ್ಟಿದ. ಓಎಸ್‌ಪಿಎಫ್‌ನ ಹೊಟ್ಟೆಯಲ್ಲಿರುವುದು ಅದೇ ಎಂದು ಕೊರೆದೆ.

“ಸಾರ್, ‘ರೀಲೋಡ್ ಇನ್ 10’ ಹಾಕಿಟ್ಕೊಳ್ಳೋಣ್ವಾ?” ಎಂದ ಹುಡುಗ. ಎಡವಟ್ಟಾದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮಲಗಿ ಎದ್ದು, ಹಿಂದೆ ಸೇವ್ ಮಾಡಿದ್ದ ಸ್ಥಿತಿಗೆ ಮರಳುತ್ತದೆ.

“ಅದೆಲ್ಲ ಪುಕ್ಕಲರಿಗೆ” ಎಂದೆ.

ಉಳಿದಿದ್ದು ಬರೀ ಒಪ್ಪ ಓರಣ. ಓಎಸ್‌ಪಿಎಫ್ ಹಚ್ಚಿದ ಕಡೆಯೆಲ್ಲ ಸ್ವಿಚ್ ಹತ್ತು ಸೆಕೆಂಡಿಗೊಮ್ಮೆ ‘ಹಲೋ’ ಎಂದು ಕೂಗುತ್ತದೆ. ಕೇಳುವವರಿಲ್ಲದ ಕಡೆ ಕೂಗಿ ಫಲವೇನು? ಅದಕ್ಕೇ ‘ಪ್ಯಾಸಿವ್-ಇಂಟರ್‌ಫೇಸ್ ಡಿಫಾಲ್ಟ್’ ಎಂದು ಎಲ್ಲದರ ಬಾಯಿ ಮುಚ್ಚಿಸಿ, ಬೆಂಗಳೂರಿನ ಕಡೆಯ ವಿಲ್ಯಾನ್ 200 ಒಂದಕ್ಕೆ ಮಾತ್ರ ಬಾಯಿ ಬಿಡಿಸಬೇಕು. ನಾಲ್ಕು ಸಾಲನ್ನು ನೋಟ್‌ಪ್ಯಾಡಿನಲ್ಲಿ ಬರೆದೆ. ಕೊನೆಗೆ ಸೇವ್ ಮಾಡುವ ಆಜ್ಞೆಯನ್ನೂ, ಅಚ್ಚುಕಟ್ಟು ನೋಡಿ, ಸೇರಿಸಿದೆ. ಪೇಸ್ಟ್ ಮಾಡಿದೆ. 200 ಎಂದು ಬರೆಯುವಲ್ಲಿ 20 ಎಂದು ಬರೆದಿದ್ದೆ.

ಕರ್ಸರ್ ಇದ್ದಲ್ಲೇ ನಿಂತಿತು. ಎಂಟರ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ, ಸ್ವಲ್ಪ ಭಕ್ತಿಯಿಂದ. ನೆರೆಯ ಸ್ವಿಚ್ 40 ಸೆಕೆಂಡ್ ಕಾದು, ಹಲೋ ಬಾರದ್ದರಿಂದ, ತುಮಕೂರನ್ನು ಸತ್ತವರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿತು. ಹುಡುಗ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಶಾಖೆಯ ಸೆಕ್ಯುರಿಟಿಯವರಿಗೆ ಫೋನಾಯಿಸಿ, ಹಸಿರು ದೀಪ ಮಿಣುಕುವ ಡಬ್ಬಿಯ ಪ್ಲಗ್ ಕಿತ್ತು ಹಾಕಲು ಬೇಡಿಕೊಂಡೆ. “ಎಲ್ಲಾದ್ರಲ್ಲೂ ಹಸಿರೇ ಮಿಣುಕ್ತೈತೆ ಸಾ” ಎಂದರು. ಮೊದಲು ನೀರಿನ ಫಿಲ್ಟರ್ ಆರಿತು. ಆಮೇಲೆ ಸಿಸಿಟಿವಿ. ಕಡೆಗೆ ಸ್ವಿಚ್ಚೂ ಆರಿ ಹೊತ್ತಿತು. ಆದರೆ ಸೇವ್ ಆಗಿದ್ದ ತಪ್ಪನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡೇ ಎದ್ದಿತು.

ಕನ್ಸೋಲ್ ಕೇಬಲ್ ಹುಡುಕಿ, ನಡುರಾತ್ರಿ ಹೊರಟೆ. ತುಮಕೂರಿಗೆ ಸುಮಾರು 70 ಕಿಲೋಮೀಟರ್. ಹತ್ತಿರದ ದಾರಿಯ ಬಗ್ಗೆ ಅಷ್ಟು ಕೊರೆದವನು ನೆಲಮಂಗಲದವರೆಗೂ ಲಾರಿಗಳ ಹಿಂದೆ ತೆವಳಿದೆ.

ರ‍್ಯಾಕ್ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಚುಚ್ಚಿ ನೋಡಿದರೆ, ಸ್ವಿಚ್ ತನ್ನ ಕೆಲಸ ಬಿಟ್ಟಿರಲಿಲ್ಲ. ಹತ್ತು ಸೆಕೆಂಡಿಗೊಂದು ಹಲೋ, ತಪ್ಪದೆ. ವಿಲ್ಯಾನ್ 20ರಲ್ಲಿ ಇದ್ದದ್ದು ಪ್ರಿಂಟರ್‌ಗಳು. ಅವೂ ತುಂಬಾ ಸಂಯಮದವು, ಒಂದೂ ಬಾಯಿಬಿಟ್ಟಿರಲಿಲ್ಲ.

ಸೊನ್ನೆ ಸೇರಿಸಿದೆ. ನೆರೆಹೊರೆ ಮತ್ತೆ ‘ಫುಲ್’ ಆಯಿತು. ಆದರೆ ನಾನು ಹೆಮ್ಮೆಯಿಂದ 255ರ ಆದ್ಯತೆ ಕೊಟ್ಟು ಡೆಸಿಗ್ನೇಟೆಡ್ ರೂಟರ್ ಪಟ್ಟಕ್ಕೆ ಕೂರಿಸಿದ್ದ ಈ ಸ್ವಿಚ್‌ನ ಪಟ್ಟ ಹೋಗಿತ್ತು. ಓಎಸ್‌ಪಿಎಫ್‌ನಲ್ಲಿ ಅದು ಬಸ್ಸಿನ ಕಿಟಕಿಗೆ ಟವೆಲ್ ಹಾಕಿದ ಹಾಗೆ: ಒಮ್ಮೆ ಇನ್ನೊಬ್ಬರು ಹಿಡಿದರೆ, ತಡವಾಗಿ ಬಂದವನು ಎಷ್ಟೇ ದೊಡ್ಡ ಮನುಷ್ಯನಾದರೂ ನಿಂತೇ ಹೋಗಬೇಕು. ನಿಲ್ಲಲಿ ಎಂದು ಬಿಟ್ಟೆ.

ಹೊರಡುವಾಗ ಸೆಕ್ಯುರಿಟಿಯವರು ರಿಜಿಸ್ಟರ್ ಚಾಚಿದರು. ‘ಬಂದ ಉದ್ದೇಶ’ ಎಂಬ ಕಾಲಂ ಖಾಲಿ ಬಿಟ್ಟಿದ್ದೆನಂತೆ. ‘ಸೊನ್ನೆ ಹಾಕಲು’ ಎಂದು ಬರೆದೆ. ಅವರು ಟಾರ್ಚ್ ಹಿಡಿದು ಎರಡು ಸಲ ಓದಿ, ಐಡಿ ಕಾರ್ಡ್ ತೋರಿಸಿ ಎಂದರು.