ಹಳೇ ಕಾರಿನ ಬಾಗಿಲ ಪಂಡಿತರು

ಬೆಂಗಳೂರಿನ ಉತ್ತರ ದಿಕ್ಕಿನ ಬಡಾವಣೆಗಳಲ್ಲಿ, ಅದರಲ್ಲೂ ಯಲಹಂಕ ಉಪನಗರ, ಸಹಕಾರನಗರ, ಆರ್.ಟಿ. ನಗರಗಳ ಅಡ್ಡರಸ್ತೆಗಳಲ್ಲಿ, ಭಾನುವಾರ ಬೆಳಗಿನ ತಿಂಡಿಯ ನಂತರ ಕಾರಿನ ಒಂದು ಬಾಗಿಲನ್ನು ಹಾರುಹೊಡೆದು, ಅದರ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ದೃಷ್ಟಿಯನ್ನು ಮಾತ್ರ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ನೆಟ್ಟು ಕುಳಿತ ಗೃಹಸ್ಥರು ಆಗಾಗ ಕಾಣಸಿಗುತ್ತಾರೆ. ಕೈ ಕಾಣದ ಜಾಗದಲ್ಲಿ ಕೆಲಸ ಮಾಡುವಾಗ ಕಣ್ಣಿಗೆ ಬೇರೆ ಉದ್ಯೋಗ ಕೊಡಬೇಕೆಂಬುದು ಇವರ ಅನುಭವಸಿದ್ಧ ನಿಯಮ. ಇವರನ್ನು ಬಾಗಿಲ ಪಂಡಿತರೆಂದು ಕರೆಯಬಹುದು. ಪಂಡಿತರ ವಯಸ್ಸು ಅರವತ್ತು ದಾಟಿರುತ್ತದೆ, ಕಾರಿನದು ಹದಿನೈದು. ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕಾಗುತ್ತದೆಯಷ್ಟೆ. ಫಲಕದ ಮೇಲೆ ಯಶವಂತಪುರದ ಕೆಎ-04 ಇರಲಿ, ಯಲಹಂಕದ ಕೆಎ-50 ಇರಲಿ, ಪಂಡಿತರ ವಾಹನ ಈ ಘಟ್ಟವನ್ನು ಒಮ್ಮೆಯಾದರೂ ದಾಟಿರುತ್ತದೆ. ಎಡಗಡೆಯ ಹಿಂಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆಂಬ ಸಂಗತಿ ಹೊಗೆ ತಪಾಸಣೆಯಲ್ಲಿ ಬಯಲಾಗುವಂಥದ್ದಲ್ಲ.

ಈ ಪ್ರಭೇದ ಉತ್ತರ ಬೆಂಗಳೂರಿನಲ್ಲಿಯೇ ಹುಲುಸಾಗಿ ಬೆಳೆದುದಕ್ಕೆ ಚಾರಿತ್ರಿಕ ಕಾರಣಗಳಿವೆ. ಜಾಲಹಳ್ಳಿಯ ಸುತ್ತ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. 1984ರಲ್ಲಿ ಯಲಹಂಕದ ರೈಲು ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಕೆಲಸ ಆರಂಭಿಸಿತು. ಮೈಕ್ರಾನ್ ಲೆಕ್ಕದಲ್ಲಿ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಕಬ್ಬಿಣದೊಡನೆ ವ್ಯವಹರಿಸಿ ನಿವೃತ್ತರಾದ ಒಂದು ತಲೆಮಾರೇ ಇಲ್ಲಿ ಮನೆ ಕಟ್ಟಿಕೊಂಡು ನೆಲೆಸಿತು. ಅದೇ ತಲೆಮಾರು ಸಾಲ ಮಾಡಿ ಕೊಂಡ ಮೊದಲ ಕಾರು ಬಹುಮಟ್ಟಿಗೆ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800. ಮೈಕ್ರಾನ್ ಬಲ್ಲವರ ಕೈಗೆ ಲೊಡಗುಟ್ಟುವ ಬಾಗಿಲು ಸಿಕ್ಕರೆ ಅದನ್ನು ಅವರು ಗ್ಯಾರೇಜಿಗೆ ಒಪ್ಪಿಸುತ್ತಾರೆಂದು ನಿರೀಕ್ಷಿಸುವುದೇ ಅನ್ಯಾಯ.

ರೋಗದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಾಗಿಲಿನ ಅಂಚಿನಲ್ಲಿರುವ ಲ್ಯಾಚ್ ಎಂಬ ಕೊಕ್ಕೆ, ಕಾರಿನ ಕಂಬಕ್ಕೆ ಬಿಗಿದ ಸ್ಟ್ರೈಕರ್ ಎಂಬ ಕಬ್ಬಿಣದ ಗೂಟವನ್ನು ಕಚ್ಚಿ ಹಿಡಿಯುವುದರಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನ ಹಿಡಿ, ಹೊರಗಿನ ಹಿಡಿ, ಬೀಗದ ಗುಬ್ಬಿ ಇವೆಲ್ಲ ತೆಳುವಾದ ಸರಳುಗಳ ಮೂಲಕ ಆ ಕೊಕ್ಕೆಗೆ ಜೋಡಣೆಗೊಂಡಿರುತ್ತವೆ. ಪ್ರತಿ ಸರಳಿನ ತುದಿಯನ್ನೂ ಉಗುರಿನಷ್ಟಗಲದ ಪ್ಲಾಸ್ಟಿಕ್ ಕ್ಲಿಪ್ ಹಿಡಿದಿರುತ್ತದೆ. ವರ್ಷಗಟ್ಟಲೆ ಬಿಸಿಲು ಕುಡಿದ ಕ್ಲಿಪ್ ಒಂದು ದಿನ ಸದ್ದಿಲ್ಲದೆ ಮುರಿದರೆ ಸರಳು ಬಾಗಿಲಿನ ತಳಕ್ಕೆ ಜಾರುತ್ತದೆ, ಹಿಡಿ ಯಾವ ಪ್ರತಿರೋಧವನ್ನೂ ತೋರದೆ ಕೈಗೆ ಬರುತ್ತದೆ, ಬಾಗಿಲು ಮಾತ್ರ ಬರುವುದಿಲ್ಲ. ಇದರ ಮೇಲೆ, ಕಾರು ಕೊಂಡ ಹೊಸತರಲ್ಲಿ ಉತ್ಸಾಹದಿಂದ ಹಾಕಿಸಿದ ಸೆಂಟ್ರಲ್ ಲಾಕಿಂಗ್ ಬೇರೆ. ಚಾಲಕನ ಬಾಗಿಲಿನೊಳಗಿನ ಐದು ತಂತಿಯ ಪುಟ್ಟ ಮೋಟಾರು ಕೂಡುಕುಟುಂಬದ ಹಿರಿಯ ಸೊಸೆಯಂತೆ ತಾನು ಮಾಡಿದ್ದನ್ನೇ ಉಳಿದ ಬಾಗಿಲುಗಳ ಎರಡೆರಡು ತಂತಿಯ ಮೋಟಾರುಗಳಿಂದಲೂ ಮಾಡಿಸುತ್ತದೆ. ಹಿರಿಯಳಿಗೇ ಸಂಶಯ ಹತ್ತಿತೆಂದರೆ, ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ನಿಂತ ಕಾರಿನ ನಾಲ್ಕೂ ಗುಬ್ಬಿಗಳು ಟಕ್ಕಟಕ್ಕೆಂದು ಏಳುತ್ತ ಬೀಳುತ್ತ ಇರುತ್ತವೆ, ಪಕ್ಕದ ಬಿಎಂಟಿಸಿ ಬಸ್ಸಿನ ಕಿಟಕಿಯಲ್ಲಿದ್ದವರಿಗೆ ಹೊತ್ತು ಹೋಗುತ್ತದೆ.

ಚಿಕಿತ್ಸೆಯ ಮೊದಲ ಹಂತ ಗಾಜು ಇಳಿಸುವ ಹಿಡಿಯನ್ನು ಕಳಚುವುದು. ಅದರ ಹಿಂದೆ ಅಡಗಿರುವ ಕಮಾನಿನಾಕಾರದ ಸ್ಪ್ರಿಂಗನ್ನು ತೆಗೆಯಲು ವಿಶೇಷ ಸಲಕರಣೆಯುಂಟಾದರೂ, ಪಂಡಿತರು ಹಳೇ ಬನಿಯನ್ನಿನ ಒಂದು ಪಟ್ಟಿಯನ್ನು ಹಿಡಿಯ ಸಂದಿಗೆ ತೂರಿಸಿ, ಮೊಸರು ಕಡೆಯುವವರ ರೀತಿಯಲ್ಲಿ ಆಚೀಚೆ ಎಳೆಯುತ್ತಾರೆ. ಸ್ಪ್ರಿಂಗ್ ಟಣ್ಣೆಂದು ಹಾರುತ್ತದೆ. ಅದು ಎಲ್ಲಿ ಬಿತ್ತೆಂದು ನೋಡಿಕೊಳ್ಳುವ ಹೊಣೆ ಪತ್ನಿಯದು, ಏಕೆಂದರೆ ಚರಂಡಿಗೆ ಬಿದ್ದ ಸ್ಪ್ರಿಂಗಿನ ಬಗ್ಗೆ ಹೊಣೆಗಾರರೊಬ್ಬರು ಇರಲೇಬೇಕು. ಬೀಗಕ್ಕೆ ಎಣ್ಣೆ ಬಿಡುವುದು ಪಂಡಿತರ ಮಟ್ಟಿಗೆ ಅಜ್ಞಾನ. ಎಣ್ಣೆ ಧೂಳನ್ನು ಕೂಡಿಹಾಕಿ ಬೀಗವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ, ಒಣ ಗ್ರಾಫೈಟ್ ಪುಡಿಯೇ ಲೇಸು ಎಂದು ಅವರು ಹೇಳುವುದು ಸರಿಯಾಗಿಯೇ ಇದೆ. ಆ ಪುಡಿಗಾಗಿ ಮೊಮ್ಮಗನ ಡ್ರಾಯಿಂಗ್ ಪೆನ್ಸಿಲುಗಳು ಮೊಂಡಾಗುವುದಷ್ಟೇ ತಕರಾರು.

ಅವರ ನಿಜವಾದ ಪಾಂಡಿತ್ಯ ಕಾಣುವುದು ತಂತಿಯ ವಿಷಯದಲ್ಲಿ. ಬಾಗಿಲಿಗೂ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ತೋಳೊಂದಿದ್ದು, ತಂತಿಗಳು ಅದರೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದಾಗಲೆಲ್ಲ ಮಡಿಚಿ ಬಿಡಿಸಿಕೊಂಡು, ಮೇಲಿನ ಹೊದಿಕೆ ನೆಟ್ಟಗಿರುವಂತೆಯೇ ಒಳಗಿನ ತಾಮ್ರ ತುಂಡಾಗುತ್ತದೆ. ಆದ್ದರಿಂದ ಬಾಗಿಲು ಅರೆ ತೆರೆದಾಗ ಬೀಗ ಆಡುತ್ತದೆ, ಮುಚ್ಚಿದಾಗ ಆಡುವುದಿಲ್ಲ. “ಸೆಟ್ಟೇ ಚೇಂಜ್ ಮಾಡ್ಬಿಡೋಣ ಸಾರ್, ನಾಲ್ಕೂ ಹೋಗಿದೆ” ಎಂದ ಮೆಕ್ಯಾನಿಕನ ಮುಂದೆ ರಬ್ಬರನ್ನು ಹಿಂದಕ್ಕೆ ಸರಿಸಿ, ತುಂಡಾದ ನೀಲಿ ತಂತಿಯನ್ನು ಚಿಮಟದಲ್ಲಿ ಎತ್ತಿ ತೋರಿಸುವಾಗ ಪಂಡಿತರ ಮುಖದಲ್ಲಿ ಮೂಡುವ ಕಳೆಯನ್ನು, ಅವರ ನಿವೃತ್ತಿಯ ದಿನದ ಶಾಲು ಹೊದಿಸಿದ ಫೋಟೋದಲ್ಲಿಯೂ ಕಾಣಲಾಗದು. ಉಳಿದ ಬಿಡಿಭಾಗಗಳು ಶಿವಾಜಿನಗರದ ಗುಜರಿಯಿಂದ ಬರುತ್ತವೆ. ಮುವ್ವತ್ತು ರೂಪಾಯಿಯ ಕ್ಲಿಪ್ಪಿಗೆ ಮುನ್ನೂರು ರೂಪಾಯಿಯ ಪೆಟ್ರೋಲ್ ಸುಟ್ಟಿತೆಂದು ಲೆಕ್ಕ ತೆಗೆಯುವವರು ಅಂಥ ಜ್ಞಾನವನ್ನು ಅಳೆಯಲಾರರು.

ಆದರೂ ಬಾಗಿಲು ಪೂರ್ತಿ ಗುಣವಾಗುವುದಿಲ್ಲ, ಗುಣವಾಗಬೇಕೆಂಬ ತವಕವೂ ಪಂಡಿತರಲ್ಲಿ ಅಷ್ಟಾಗಿ ಕಾಣುವುದಿಲ್ಲ. ನೌಕರಿಯಿಂದ ಇಳಿದು, ಮನೆಯ ವಾರ್ತೆ ಸೊಸೆಯ ಕೈ ಸೇರಿ, ಟಿವಿ ರಿಮೋಟೂ ಮೊಮ್ಮಗನ ವಶವಾದ ಮೇಲೆ, ತಮ್ಮ ಅಪ್ಪಣೆಯಿಲ್ಲದೆ ಯಾರೂ ಹತ್ತಲಾರದ, ಇಳಿಯಲಾರದ ಸ್ಥಳ ಅವರಿಗೆ ಉಳಿದಿರುವುದು ಇದೊಂದೇ. ಮುಂದಿನ ಎಡಬಾಗಿಲನ್ನು ಕೊಂಚ ಮೇಲೆತ್ತಿ ಎಳೆಯಬೇಕು. ಹಿಂದಿನ ಬಲಬಾಗಿಲನ್ನು ಮುಟ್ಟಲೇಬಾರದು. ಹಿಂದಿನ ಎಡಬಾಗಿಲಲ್ಲಿ ಕೂತವರು ಗಾಜಿಳಿಸಿ, ಹೊರಗೆ ಕೈ ಹಾಕಿ ತಾವೇ ತೆರೆದುಕೊಳ್ಳಬೇಕು. ಮದುವೆ ಛತ್ರದ ಮುಂದೆ ರೇಷ್ಮೆ ಸೀರೆಯುಟ್ಟ ಬೀಗಿತ್ತಿ ಅವಸರಪಟ್ಟರೆ, “ತಡೀರಿ ತಡೀರಿ, ಅದಕ್ಕೊಂದು ಮರ್ಮ ಇದೆ” ಎಂದು ಪಂಡಿತರು ಕಾರನ್ನು ಬಳಸಿಕೊಂಡು ಬರುತ್ತಾರೆ. ಪತ್ನಿ ಅಷ್ಟರಲ್ಲಿ ಗೇರಿನ ದಂಡವನ್ನು ದಾಟಿ ಚಾಲಕನ ಬಾಗಿಲಿನಿಂದ ಇಳಿದು, “ರೀ, ನಾನು ಒಳಗೆ ಹೋಗಿರ್ತೀನಿ” ಎಂದು ಹೊರಟಿರುತ್ತಾರೆ.

ಪಾಂಡಿತ್ಯಕ್ಕೆ ಭಂಗವೂ ಉಂಟು. ಒಂದಿಡೀ ಮಧ್ಯಾಹ್ನ ಹಿಂಬಾಗಿಲನ್ನು ಬಿಚ್ಚಿ, ಲ್ಯಾಚನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮರಳಿ ಕೂಡಿಸಿದ ಮೇಲೂ ಬಾಗಿಲು ಒಳಗಿನಿಂದ ತೆರೆಯದಿದ್ದಾಗ, ಅದರ ಅಂಚಿನಲ್ಲಿರುವ ಪುಟ್ಟ ಸನ್ನೆಯನ್ನು, ಎಂದರೆ ಮಕ್ಕಳು ಓಡುವ ಕಾರಿನ ಬಾಗಿಲು ತೆರೆಯದಿರಲೆಂದು ಇಟ್ಟ ಚೈಲ್ಡ್ ಲಾಕನ್ನು, ಮೊಮ್ಮಗ ಬೆರಳಿನಿಂದ ಮೇಲೆತ್ತಿ “ತಾತ, ಇದು ನಾನೇ ಹಾಕಿದ್ದು” ಎಂದ ನಿದರ್ಶನಗಳು ಇಲ್ಲದಿಲ್ಲ. ಲ್ಯಾಚಿಗೆ ಹೇಗೂ ಸರ್ವಿಸ್ ಆಗಬೇಕಿತ್ತು ಎಂಬುದು ಇಂಥ ಸಂದರ್ಭದ ಸಿದ್ಧ ಉತ್ತರ.

ಮಗನ ಹೊಸ ಕಾರು ಬಂದ ಮೇಲೆ ಪಂಡಿತರು ಅದರ ಬಳಿ ಅತಿಥಿಯಂತೆ ನಿಲ್ಲುತ್ತಾರೆ. ಆ ಕಾರಿಗೆ ಕೀಲಿಯೇ ಇಲ್ಲ, ಜೇಬಿನಲ್ಲಿ ರಿಮೋಟ್ ಇದ್ದರೆ ಸಾಕು. ಆದರೆ ರಿಮೋಟಿನೊಳಗಿನ ನಾಣ್ಯದಾಕಾರದ ಬ್ಯಾಟರಿ ಎಂದಾದರೊಂದು ದಿನ ಸಾಯುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಡುವ ಬೆಳಗಿನ ಜಾವವನ್ನೇ ಅದು ಆರಿಸಿಕೊಳ್ಳುತ್ತದೆ. ಮಗ ಸಹಾಯವಾಣಿಗೆ ಕರೆ ಮಾಡುತ್ತ ನಿಂತಿರುವಾಗ ಪಂಡಿತರು ರಿಮೋಟಿನ ಬೆನ್ನಿನಿಂದ ಗುಪ್ತವಾಗಿದ್ದ ಲೋಹದ ಕೀಲಿಯನ್ನು ಹೊರಗೆಳೆದು, ಹಿಡಿಯ ಅಂಚಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಕೀಲಿಕಂಡಿಯನ್ನು ಪತ್ತೆಹಚ್ಚಿ ತಿರುಗಿಸುತ್ತಾರೆ. ಬಾಗಿಲು ಮೊದಲ ತಿರುವಿಗೇ ತೆರೆದುಕೊಳ್ಳುತ್ತದೆ. ಅಷ್ಟು ಸಲೀಸಾಗಿ ತೆರೆಯುವ ಬೀಗದ ಮೇಲೆ ಅವರಿಗೆ ನಂಬಿಕೆ ಹುಟ್ಟುವುದಿಲ್ಲ, “ಈ ಪ್ಯಾನೆಲ್ ಎಷ್ಟು ಸ್ಕ್ರೂ ಮೇಲೆ ನಿಂತಿದೆಯೋ?” ಎಂದು ಮಗನನ್ನು ಕೇಳುತ್ತಾರೆ.