ಕಡೇ ರೇಟು ಹೇಳಿ

ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಒತ್ತಿ, ನೀವು ಕಣ್ಣು ಮಿಟುಕಿಸಿ ಬಿಡೋದರೊಳಗೆ ಗಿಲಕಿಯ ತಲೆ ತೆಗೆಯೋ ಮನುಷ್ಯನಿಗೆ ಇನ್ನೇನು ಕಲಿಸೋದು ಸ್ವಾಮಿ ಅಂತ ನಿಮಗನ್ನಿಸಬಹುದು. ಕಲಿಸೋರಿಗೆ ಮಾತ್ರ ಅಂಥ ಅನುಮಾನ ಯಾವತ್ತೂ ಬಂದಿಲ್ಲ. ಪಿಎಂ ವಿಶ್ವಕರ್ಮ ಯೋಜನೆಯನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಬಡಗಿ, ಕಮ್ಮಾರ, ಕುಂಬಾರ, ಗೊಂಬೆ ಮಾಡೋರು ಅಂತ ಒಟ್ಟು 18 ಕಸುಬು. ಮೊದಲು ಐದರಿಂದ ಏಳು ದಿನ ‘ಬೇಸಿಕ್’ ತರಬೇತಿ, ಆಮೇಲೆ ಬೇಕಂದೋರಿಗೆ ಹದಿನೈದು ದಿನದ ‘ಅಡ್ವಾನ್ಸ್ಡ್’. ಮುತ್ತಜ್ಜನ ಕಾಲದಿಂದ ಮನೆತುಂಬ ಮರದ ಹೊಟ್ಟು ಹಾರಿಸಿಕೊಂಡು ಬಂದವನು ಐವತ್ತೈದನೇ ವಯಸ್ಸಿನಲ್ಲಿ ಬೇಸಿಕ್ ಬ್ಯಾಚಿನ ಹಿಂದಿನ ಬೆಂಚಲ್ಲಿ ಕೂರೋದು ಅಂದರೆ, ಮದುವೆಮನೆ ಭಟ್ಟರಿಗೆ ಒಲೆ ಹಚ್ಚೋದು ಹೇಳಿಕೊಟ್ಟ ಹಾಗೆ.

ಹೋಗ್ತಾನೆ ಆದರೂ. ಯಾಕೆ ಹೋಗಬಾರದು? ಸಲಕರಣೆಗೆ 15,000 ರೂಪಾಯಿ ಉಂಟು. ಅಡಮಾನ ಕೇಳದೆ 5% ಬಡ್ಡಿಗೆ ಮೊದಲು ಒಂದು ಲಕ್ಷದವರೆಗೆ ಸಾಲ, ಅದನ್ನು ತೀರಿಸಿದರೆ ಎರಡು ಲಕ್ಷದವರೆಗೆ ಇನ್ನೊಂದು. ಡಿಜಿಟಲ್ ಪಾವತಿ ತಗೊಂಡರೆ ಒಂದೊಂದು ವ್ಯವಹಾರಕ್ಕೆ ಒಂದೊಂದು ರೂಪಾಯಿ ಪ್ರೋತ್ಸಾಹಧನ, ತಿಂಗಳಿಗೆ ನೂರು ವ್ಯವಹಾರದ ತನಕ. ಎಲ್ಲಕ್ಕಿಂತ ಹೆಚ್ಚಾಗಿ, ತರಬೇತಿಗೆ ಕೂತ ದಿನಕ್ಕೆ 500 ರೂಪಾಯಿ ಭತ್ಯೆ. ನನ್ನ ಕಣ್ಣು ಈ ಐನೂರರ ಮೇಲೇ. ಸುಮ್ಮನೆ ಕುರ್ಚಿ ಮೇಲೆ ಕೂತಿದ್ದಕ್ಕೆ ಅವನ ಒಂದು ದಿನಕ್ಕೆ ಯಾರೋ ಒಬ್ಬರು ಬೆಲೆ ಕಟ್ಟಿದರು, ಅದೂ ಚೌಕಾಸಿ ಮಾಡದೆ! ಕೆಲಸ ಮಾಡಿದ ದಿನ ಈ ಭಾಗ್ಯ ಅವನಿಗೆಲ್ಲಿ?

ಪಾಠ ಶುರುವಾಗುತ್ತೆ. ಕಲಿಸೋಕೆ ಬಂದವರು ಬೆಂಗಳೂರಿನೋರು, ಲ್ಯಾಪ್‌ಟಾಪಿನೋರು. ಬ್ರ್ಯಾಂಡಿಂಗ್ ಆಯ್ತು, ಪ್ಯಾಕೇಜಿಂಗ್ ಆಯ್ತು, ಮೊಬೈಲಲ್ಲಿ ಫೋಟೊ ತೆಗೆಯೋದು ಆಯ್ತು. ಆಮೇಲೆ “ಗಿರಾಕಿಗೆ ವಸ್ತು ಮಾರಬೇಡಿ, ನಿಮ್ಮ ಕಥೆ ಮಾರಿ” ಅಂತಾರೆ. ಕಥೆಗೇನು ಬರ ಚನ್ನಪಟ್ಟಣದಲ್ಲಿ? ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅಂತ ಶುರುಮಾಡಿದರೆ ಬಾವಾಸ್ ಮಿಯಾ ತನಕ ಹೇಳ್ತಾರೆ. ಈ ಬಾವಾಸ್ ಮಿಯಾ ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿಗೆ ಹೋಗಿ, ಅಲ್ಲಿನವರ ಅರಗಿನ ಕೆಲಸ ನೋಡಿಕೊಂಡು ಬಂದು ಊರಿನೋರಿಗೆ ಕಲಿಸಿದರು ಅನ್ನೋದು ಪ್ರತೀತಿ. ಪವರ್‌ಪಾಯಿಂಟ್ ಇಲ್ಲದ ಕಾಲ, ಪಾಪ. ಹೇಗೆ ಕಲಿತರೋ ಏನೋ. ಅಲ್ಲಿಂದ ಒಂದೇ ನೆಗೆತಕ್ಕೆ 2010. ದಿಲ್ಲಿಗೆ ಬಂದಿದ್ದ ಮಿಶೆಲ್ ಒಬಾಮ ಅಲ್ಲಿನ ಕರಕುಶಲ ಮ್ಯೂಸಿಯಮ್ಮಿನಲ್ಲಿ ಚನ್ನಪಟ್ಟಣದ ಗೊಂಬೆ ಕೊಂಡರು. ಆಕೆ “ಕಡೇ ರೇಟು ಹೇಳಿ” ಅಂದರೋ ಇಲ್ಲವೋ ಪತ್ರಿಕೆಗಳು ಬರೆಯಲಿಲ್ಲ.

ತರಬೇತಿಯವರಿಗೆ ಇನ್ನೊಂದು ಹುಚ್ಚು, ಹೊಸ ಡಿಸೈನು. ಹಳೇದು ಓಡೋದಿಲ್ಲವಂತೆ. ಬೀದರಿನ ಕಥೆ ಕೇಳಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಲ್ಲಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ, ಕಡೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿ ಕುದಿಸಿದರೆ ಸತು ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಇಂಥ ವಿದ್ಯೆಯವರಿಗೆ ಕಾಲಕ್ಕೆ ತಕ್ಕ ಹಾಗೆ ಬದಲಾಗಿ ಅಂದರು. ಬದಲಾದರು. ಬಿದರಿ ಪೆನ್‌ಡ್ರೈವ್ ಬಂತು! ಈಗ ಪೆನ್‌ಡ್ರೈವ್ ಚುಚ್ಚೋಣ ಅಂದರೆ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ತೂತೇ ಇಲ್ಲ. ಹದಿನೇಳನೇ ಶತಮಾನದ ಬಿದರಿ ಹುಕ್ಕಾ ಬುರುಡೆಗಳು ಮಾತ್ರ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನೊಳಗೆ ಅಪ್‌ಡೇಟ್ ಕೇಳದೆ ಕೂತಿವೆ. ಹೊಸದು ಬೇಡ ಅಂತ ನಾನು ಹೇಳ್ತಿಲ್ಲ. ಗಿಲಕಿ ಮಾಡುತ್ತಿದ್ದ ಊರೇ ಇವತ್ತು ಬಳೆ, ಬಾಗಿಲ ಹಿಡಿ, ದೀಪದ ಕಂಬ ಮಾಡಿ ಬದುಕಿದೆ. ಆದರೆ ಹೊಸದು ಯಾವುದು ಅಂತ ಹೇಳೋರು ಯಾವಾಗಲೂ ಲೇತಿನ ಆಚೆ ಬದಿಯಲ್ಲೇ ನಿಂತಿರ್ತಾರೆ, ಅದು ನನಗೆ ತಮಾಷೆ.

ಇಷ್ಟೆಲ್ಲ ಕಲಿಸಿ, ಕಲಿಸಲೇಬೇಕಾದ ಒಂದನ್ನು ಕಡೇ ದಿನದ ಕಡೇ ಅರ್ಧ ಗಂಟೆಗೆ ತಳ್ಳಿರ್ತಾರೆ. ಗ್ರೂಪ್ ಫೋಟೊಕ್ಕೆ ಮುಂಚೆ. ಅದೇ ರೇಟು ಹಾಕೋದು.

“ಒಂದು ಗೊಂಬೆಗೆ ಖರ್ಚೆಷ್ಟು?” ಅಂತ ಕೇಳಿ. ಮರ ಇಷ್ಟು, ಅರಗು ಇಷ್ಟು, ಬಣ್ಣ ಇಷ್ಟು, ಕರೆಂಟು ಇಷ್ಟು ಅಂತ ಬೆರಳು ಮಡಚುತ್ತಾ ಹೋಗ್ತಾನೆ. ನಾಲ್ಕು ಬೆರಳಿಗೆ ನಿಲ್ತಾನೆ. “ನಿನ್ನ ಕೂಲಿ?” ಅಂದರೆ ಹೆಬ್ಬೆರಳು ನೋಡಿ ನಗ್ತಾನೆ. “ನಮ್ಮನೇ ಕೆಲಸ ಅಲ್ವಾ ಸಾರ್, ಅದಕ್ಕೇನು ಲೆಕ್ಕ?” ಮರ ಕೊಯ್ದು ಎರಡು ಮೂರು ತಿಂಗಳು ಒಣಗೋಕೆ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೇ ಅದು ಕರಗಿ, ತಾಳೆಗರಿಯಲ್ಲಿ ತೀಡಿ ಹೊಳಪು ತಂದಿದ್ದು ಲೆಕ್ಕಕ್ಕಿಲ್ಲ. ಹೆಂಡತಿ ಕೂತು ಕಣ್ಣು ಮೂಗು ಬರೆದಿದ್ದಂತೂ ಕೇಳಲೇಬೇಡಿ.

ಧಾರವಾಡದ ಕಡೆ ಕಸೂತಿ ಹಾಕೋ ಅಕ್ಕಂದಿರದ್ದು ಇನ್ನೂ ಒಂದು ಕೈ ಮೇಲೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಗವಂತಿ, ಮುರಗಿ ಹಾಕ್ತಾರೆ. ಗಂಟು ಬೀಳೋ ಹಾಗಿಲ್ಲ, ಹಿಂದೆ ಮುಂದೆ ಎರಡೂ ಬದಿ ಒಂದೇ ಥರ ಕಾಣಬೇಕು. ಎಳೆ ಒಂದೂ ತಪ್ಪದೆ ಎಣಿಸಿದ ಆ ಕಣ್ಣು ಗಂಟೆ ಮಾತ್ರ ಎಣಿಸೋದಿಲ್ಲ. “ಖಾಲಿ ಕುಂತಾಗ ಹಾಕೇನ್ರೀ” ಅಂತಾರೆ. ಖಾಲಿ ಅಂತೆ! ಸೆರಗು ತುಂಬ ಗೋಪುರ, ತೇರು, ಆನೆ ಹಾಕುವಷ್ಟು ಖಾಲಿ.

ಬಣ್ಣ ಬಳಿಯೋ ಕಲಾವಿದರು ಇದರಲ್ಲಿ ಜಾಣರು ಅಂದುಕೊಂಡಿರಾ? ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸ್ತಾರಲ್ಲ, ಅಲ್ಲಿ ಒಂದು ಸುತ್ತು ಹೊಡೀರಿ. ಚಿತ್ರದ ಪಕ್ಕ ಕೂತವರನ್ನ ಎಷ್ಟು ಅಂತ ಕೇಳಿದರೆ ಮೊದಲು ನಿಮ್ಮ ಚಪ್ಪಲಿ ನೋಡ್ತಾರೆ, ಆಮೇಲೆ ಆಕಾಶ, ಆಮೇಲೆ ಒಂದು ಸಂಖ್ಯೆ. ಸಂಖ್ಯೆ ಬಾಯಿಂದ ಬಿದ್ದ ಕೂಡಲೇ “ಮಾತಾಡಬಹುದು ಸಾರ್” ಅಂತ ಅವರೇ ಸೇರಿಸ್ತಾರೆ. ಗಿರಾಕಿ ಇನ್ನೂ ಬಾಯೇ ತೆರೆದಿಲ್ಲ!

ನಿಜವಾದ ಪಾಠ ಏನಾದರೂ ಆದರೆ ಅದು ಟೀ ವಿರಾಮದಲ್ಲಿ. ಯಾವ ಅಂಗಡಿಯೋನು ಮೂರು ತಿಂಗಳಾದರೂ ದುಡ್ಡು ಕೊಡೋದಿಲ್ಲ, ಯಾವ ಮೇಳದಲ್ಲಿ ಮಳಿಗೆ ಶೌಚಾಲಯದ ಪಕ್ಕ ಕೊಡ್ತಾರೆ, ಇವೆಲ್ಲ ಎರಡು ಬಿಸ್ಕತ್ತಿನ ನಡುವೆ ವಿಲೇವಾರಿ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತಲ್ಲ, ಕರಕುಶಲ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಉಂಟು. ಇದು ಗೊತ್ತಿದ್ದವನು ಗೊತ್ತಿಲ್ಲದವನಿಗೆ ಹೇಳೋದೂ ಅಲ್ಲೇ, ಲೋಟ ಕೈಲಿ ಹಿಡಕೊಂಡು. ಅಲ್ಲೇ ಒಬ್ಬ ಘಾಟಿ ಹೇಳಿದನಂತೆ: “ಒಂದು ದಿನ ಕುರ್ಚಿ ಮೇಲೆ ಕೂತಿದ್ದಕ್ಕೆ ಸರ್ಕಾರವೇ ಐನೂರು ಕೊಟ್ಟಿದೆ. ಲೇತಿನ ಮುಂದೆ ಕೂತರೆ ಅದಕ್ಕಿಂತ ಕಮ್ಮಿ ಯಾಕೆ ಹಾಕ್ತೀಯೋ ಮಾರಾಯ?” ಇಡೀ ತರಬೇತಿಯಲ್ಲಿ ನನಗೆ ಸರಿಯೆನಿಸಿದ ಸ್ಲೈಡು ಇದೊಂದೇ.

ಆ ಮಾತು ಕೇಳಿಸಿಕೊಂಡ ಇನ್ನೊಬ್ಬ ಊರಿಗೆ ಹೋಗಿ ಒಂದು ಹಾಳೆ ಪ್ರಿಂಟ್ ಹಾಕಿಸಿದ. ಮರ, ಅರಗು, ಬಣ್ಣ, ಕರೆಂಟು, ಕೂಲಿ, ಮಳಿಗೆ ಬಾಡಿಗೆ, ಬಸ್ ಚಾರ್ಜು, ಕೆಳಗೆ ಮೊತ್ತ. ಬೆಂಗಳೂರಿನ ಒಂದು ಮೇಳದಲ್ಲಿ ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಮೇಜಿನ ಮೇಲಿಟ್ಟುಕೊಂಡು ಕೂತ. ಬಂದರು ಒಬ್ಬ ಹೆಣ್ಣುಮಗಳು, ರೈಲುಬಂಡಿ ಎತ್ತಿದರು, ತಿರುವಿದರು, “ಕಡೇ ರೇಟು ಹೇಳಪ್ಪ” ಅಂದರು. ಇವನು ತಲೆ ತಗ್ಗಿಸಲಿಲ್ಲ. ಹಾಳೆ ಮುಂದೆ ತಳ್ಳಿ, “ಇದರಲ್ಲಿ ಯಾವುದನ್ನ ಕಮ್ಮಿ ಮಾಡ್ಲಿ ನೀವೇ ಹೇಳಿ ಅಕ್ಕ” ಅಂದ.

ಆಕೆ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದರು. ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು.

“ಕರೆಂಟು ಫ್ರೀ ಅಲ್ವೇನಪ್ಪ ಈಗ?”

“ಗೃಹಜ್ಯೋತಿ ಮನೆಗೆ ಅಕ್ಕ, ಲೇತಿಗಲ್ಲ.”